ಆಡಿ ಆಫರ್ ಮತ್ತು ಎಕ್ಸ್‌ಟೆಂಡೆಡ್ ವಾರಂಟಿ: ಸೇಲಂ, ಧರ್ಮಪುರಿಯಲ್ಲಿ ಫ್ರಿಡ್ಜ್, ಟಿವಿ ತಗೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ತುಳುನಾಡಿನ ಆಟಿ ತಿಂಗಳೇ ತಮಿಳುನಾಡಿನ ಆಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ನಮ್ಮ ಕರಾವಳಿಯಲ್ಲಿ ಆಟಿ ಅಂದರೆ ಜಡಿಮಳೆ, ವ್ಯಾಪಾರ ಇಲ್ಲದ ದಿನಗಳು. ತಮಿಳುನಾಡಿನಲ್ಲೂ ಹಾಗೆಯೇ ಇತ್ತು. ಆಡಿಯಲ್ಲಿ ಮದುವೆ, ಗೃಹಪ್ರವೇಶ ಮಾಡದ ಕಾರಣ ಅಂಗಡಿಗಳು ಖಾಲಿ ಹೊಡೆಯುತ್ತಿದ್ದವು. ಉಳಿದ ಸ್ಟಾಕ್ ತೆಗೆಯಲು ಜವಳಿ ಅಂಗಡಿಯವರು ಕೊಡುತ್ತಿದ್ದ ‘ಆಡಿ ತಳ್ಳುಬಡಿ’ ಇವತ್ತು ಟಿವಿ, ಫ್ರಿಡ್ಜ್, ವಾಷಿಂಗ್ ಮೆಷಿನ್ ಅಂಗಡಿಗಳಿಗೂ ಬಂದಿದೆ. ಸೇಲಂನ ಫೈವ್ ರೋಡ್ಸ್ ಕಡೆ ಹೋದರೂ, ಧರ್ಮಪುರಿ ಪೇಟೆಗೆ ಹೋದರೂ ಆ ತಿಂಗಳು ಬ್ಯಾನರ್‌ಗಳದ್ದೇ ರಾಜ್ಯ. ಆಮೇಲೆ ದೀಪಾವಳಿ, ಮತ್ತೆ ಹೊಸ ವರ್ಷ, ಪೊಂಗಲ್.

ರಿಯಾಯಿತಿ ನೋಡಿ ಒಳಗೆ ಹೋದವರು ಚೌಕಾಸಿ ಮಾಡಿ ಎರಡು ಸಾವಿರ ಕಡಿಮೆ ಮಾಡಿಸಿ ಖುಷಿಯಿಂದ ಬಿಲ್ ಕೌಂಟರಿಗೆ ಬರುತ್ತಾರೆ. ಅಲ್ಲಿ ಕೊನೆಯ ಪ್ರಶ್ನೆ ಕಾದಿರುತ್ತದೆ: “ಸಾರ್, ಕಂಪೆನಿ ವಾರಂಟಿ ಒಂದೇ ವರ್ಷ. ಇನ್ನೆರಡು ವರ್ಷ ಎಕ್ಸ್‌ಟೆಂಡೆಡ್ ವಾರಂಟಿ ಹಾಕಲಾ? ಬರೀ ಎರಡೂವರೆ ಸಾವಿರ.” ಚೌಕಾಸಿಯಲ್ಲಿ ಉಳಿಸಿದ ದುಡ್ಡು ಅರ್ಧ ನಿಮಿಷದಲ್ಲಿ ವಾಪಸ್ ಹೋಗುವುದು ಇಲ್ಲಿಯೇ. ಕೆಲವು ವಸ್ತುಗಳಿಗೆ ಈ ವಾರಂಟಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹೆಚ್ಚಿನವಕ್ಕೆ ಬರುವುದಿಲ್ಲ. ಯಾವುದಕ್ಕೆ ಬರುತ್ತದೆ, ಯಾವುದಕ್ಕಿಲ್ಲ ಎನ್ನುವುದನ್ನು ಕೌಂಟರಿನ ಮುಂದೆ ನಿಂತು ಅಲ್ಲ, ಮನೆಯಿಂದ ಹೊರಡುವ ಮೊದಲೇ ಲೆಕ್ಕ ಹಾಕಬೇಕು.

ಬೆಂಗಳೂರಾ, ಸೇಲಂ ಆ?

ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗವೇ ಆಗಿತ್ತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಬೆಂಗಳೂರು, ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ ಎಲ್ಲವೂ ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ಸಾಲಾಗಿವೆ. ಈ ಭಾಗದಲ್ಲಿ ತಲೆಮಾರುಗಳಿಂದ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ವ್ಯಾಪಾರಕ್ಕೋ, ಕೆಲಸಕ್ಕೋ, ಓದಿಗೋ ಕರ್ನಾಟಕದಿಂದ ಹೋದವರೂ ಇದ್ದಾರೆ. ಅವರೆಲ್ಲರ ಮೊದಲ ಪ್ರಶ್ನೆ: ಬೆಂಗಳೂರಿನಲ್ಲಿ ತಗೊಂಡರೆ ಕಡಿಮೆಯಾ, ಇಲ್ಲಿಯೇ ಕಡಿಮೆಯಾ?

ಒಂದು ಕಾಲದಲ್ಲಿ ರಾಜ್ಯದಿಂದ ರಾಜ್ಯಕ್ಕೆ ತೆರಿಗೆ ಬೇರೆ ಇತ್ತು, ಗಡಿ ದಾಟಿ ಕೊಂಡರೆ ಲಾಭ ಇರುತ್ತಿತ್ತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಆ ಲೆಕ್ಕ ಮುಗಿಯಿತು. ಒಂದೇ ವಸ್ತುವಿಗೆ ಎರಡೂ ಕಡೆ ಒಂದೇ ತೆರಿಗೆ. ಈಗ ಬೆಲೆಯಲ್ಲಿ ವ್ಯತ್ಯಾಸ ಬಂದರೆ ಅದು ಅಂಗಡಿಯವನ ಮಾರ್ಜಿನ್, ಕಂಪೆನಿ ಕೊಡುವ ಸ್ಕೀಮ್ ಮತ್ತು ಬ್ಯಾಂಕ್ ಕಾರ್ಡಿನ ಆಫರ್‌ನಿಂದ ಮಾತ್ರ. ಐನೂರು, ಸಾವಿರ ಉಳಿಸಲು ಬೆಂಗಳೂರಿನಿಂದ ಫ್ರಿಡ್ಜ್ ಹೊತ್ತುಕೊಂಡು ಬಂದರೆ ಸಾಗಾಟದಲ್ಲಿಯೇ ಅದು ಹೋಗುತ್ತದೆ. ಇನ್‌ಸ್ಟಾಲೇಷನ್‌ಗೆ ಯಾರು ಬರಬೇಕು ಅನ್ನುವ ತಕರಾರು ಬೇರೆ. ದೊಡ್ಡ ವಸ್ತುಗಳನ್ನು ಇರುವ ಊರಿನಲ್ಲಿ, ಸರ್ವಿಸ್ ಸೆಂಟರ್ ಹತ್ತಿರ ಇರುವ ಬ್ರ್ಯಾಂಡಿನದ್ದನ್ನು ತಗೊಳ್ಳುವುದೇ ಜಾಣತನ.

ತಮಿಳುನಾಡಿನ ಮಾರುಕಟ್ಟೆಗೆ ತನ್ನದೇ ಚರಿತ್ರೆ ಇದೆ. ಕಂತಿನ ಮೇಲೆ ಸಾಮಾನು ಕೊಡುವ ವಸಂತ್ ಆಂಡ್ ಕೋ ಅಂಗಡಿಯನ್ನು ಎಚ್. ವಸಂತಕುಮಾರ್ 1978ರಲ್ಲಿ ಚೆನ್ನೈಯಲ್ಲಿ ಆರಂಭಿಸಿದರು. ಚೆನ್ನೈಯ ವಿವೇಕ್ಸ್ ಹೊಸ ವರ್ಷದ ಮೊದಲ ದಿನದ ಸೇಲ್‌ಗೆ ಹೆಸರುವಾಸಿ. ಇನ್ನೊಂದೆಡೆ ಸರ್ಕಾರವೇ 2006ರಿಂದ ಉಚಿತ ಕಲರ್ ಟಿವಿ, 2011ರಿಂದ ಉಚಿತ ಮಿಕ್ಸಿ, ಗ್ರೈಂಡರ್, ಫ್ಯಾನ್ ಹಂಚಿತು. ಹಾಗಾಗಿ ಇಲ್ಲಿನ ಅನೇಕ ಮನೆಗಳಿಗೆ ಮೊದಲ ಟಿವಿ ಬಂದದ್ದು ಅಂಗಡಿಯಿಂದ ಅಲ್ಲ, ರೇಷನ್ ಕಾರ್ಡಿನಿಂದ. ಇವತ್ತು ಕ್ರೋಮಾ, ರಿಲಯನ್ಸ್ ಡಿಜಿಟಲ್‌ನಂಥ ಸರಣಿ ಅಂಗಡಿಗಳು, ಆನ್‌ಲೈನ್ ಕಂಪೆನಿಗಳು ಮತ್ತು ಊರಿನ ಹಳೆಯ ಅಂಗಡಿಗಳು ಒಂದೇ ಗಿರಾಕಿಗಾಗಿ ಪೈಪೋಟಿ ಮಾಡುತ್ತಿವೆ.

ಆಫರ್ ನಿಜವಾ ಅಂತ ನೋಡುವುದು ಹೇಗೆ

ಬ್ಯಾನರ್‌ನಲ್ಲಿ ‘ಶೇ. 40 ಕಡಿತ’ ಅಂತ ಇದ್ದರೆ ಅದು ಎಂಆರ್‌ಪಿ ಮೇಲಿನ ಕಡಿತ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿಸಿ ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎನ್ನುವ ಗರಿಷ್ಠ ಬೆಲೆ. ಟಿವಿ, ಎಸಿಗಳು ಯಾವತ್ತೂ ಆ ಬೆಲೆಗೆ ಮಾರಾಟವಾಗುವುದೇ ಇಲ್ಲ. ಹಾಗಾಗಿ ಹೋಲಿಸಬೇಕಾದದ್ದು ಎಂಆರ್‌ಪಿ ಜೊತೆ ಅಲ್ಲ, ಹೋದ ತಿಂಗಳು ಅದೇ ಮಾಡೆಲ್ ಎಷ್ಟಕ್ಕೆ ಸಿಗುತ್ತಿತ್ತು ಎನ್ನುವುದರ ಜೊತೆ.

ಇನ್ನೊಂದು ಉದಾಹರಣೆ. 2025ರ ಸೆಪ್ಟೆಂಬರ್ 22ರಿಂದ ಎಸಿ, ಡಿಶ್‌ವಾಷರ್ ಮತ್ತು 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. 100 ರೂ. ಮೂಲ ಬೆಲೆಯ ವಸ್ತು 128ರಿಂದ 118ಕ್ಕೆ ಬಂತು. ಅಂದರೆ ಗಿರಾಕಿ ಕೊಡುವ ಬೆಲೆಯಲ್ಲಿ ಸುಮಾರು ಶೇ. 7.8 ಇಳಿಕೆ. ಇದು ಗಿರಾಕಿಗೆ ಹೇಗೂ ಸಿಗಬೇಕಾದದ್ದು. ಇದನ್ನೇ ‘ನಮ್ಮ ಅಂಗಡಿಯ ವಿಶೇಷ ರಿಯಾಯಿತಿ’ ಅಂತ ತೋರಿಸಿದರೆ ಅದು ರಿಯಾಯಿತಿ ಅಲ್ಲ.

ಮಾಡೆಲ್ ನಂಬರನ್ನು ಪೂರ್ತಿ ಬರೆದುಕೊಳ್ಳಬೇಕು. ನೋಡಲು ಒಂದೇ ರೀತಿಯ ಎರಡು ಟಿವಿಗಳ ನಂಬರಿನಲ್ಲಿ ಕೊನೆಯ ಎರಡು ಅಕ್ಷರ ಬೇರೆ ಇರಬಹುದು. ಒಳಗಿನ ಪ್ಯಾನೆಲ್, ಸ್ಪೀಕರ್, ಪೋರ್ಟ್ ಬೇರೆಯಾಗಿರಬಹುದು. ಆನ್‌ಲೈನಿಗೆ ಒಂದು ಮಾಡೆಲ್, ಅಂಗಡಿಗೆ ಒಂದು ಮಾಡೆಲ್ ಅಂತ ಕಂಪೆನಿಗಳೇ ಮಾಡುವುದುಂಟು. ‘ಅದೇ ಟಿವಿ’ ಎನ್ನುವ ಮಾತು ನಂಬಬೇಡಿ, ನಂಬರ್ ನೋಡಿ.

ಫ್ರಿಡ್ಜ್, ಎಸಿ ಆದರೆ ಬಿಇಇ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎನ್ನುವುದೂ, ಲೇಬಲ್ ಯಾವ ಅವಧಿಯದ್ದು ಎನ್ನುವುದೂ ಇರುತ್ತದೆ. ಸ್ಟಾರ್ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. ಹಳೆಯ ಸ್ಟಾಕಿನ ಐದು ಸ್ಟಾರ್ ಹೊಸ ಲೆಕ್ಕದಲ್ಲಿ ನಾಲ್ಕೇ ಆಗಿರಬಹುದು. ತಮಿಳುನಾಡಿನಲ್ಲಿ ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ, ಮನೆಗಳಿಗೆ ಮೊದಲ 100 ಯೂನಿಟ್ ಉಚಿತ. ಬಳಕೆ ಹೆಚ್ಚಾದಂತೆ ಯೂನಿಟ್ ದರ ಏರುತ್ತದೆ. ಹತ್ತು ವರ್ಷ ಓಡುವ ಫ್ರಿಡ್ಜಿಗೆ ಕೊಳ್ಳುವ ದಿನದ ಸಾವಿರ ರೂಪಾಯಿಗಿಂತ ಆ ಲೇಬಲ್ ದೊಡ್ಡದು.

‘ನೋ ಕಾಸ್ಟ್ ಇಎಂಐ’ ಒಳಗೆ ಏನಿದೆ

30,000 ರೂ. ಟಿವಿಗೆ ಆರು ಕಂತು, ತಿಂಗಳಿಗೆ 5,000. ಬಡ್ಡಿ ಇಲ್ಲ ಅಂತ ಹೇಳುತ್ತಾರೆ. ಅದೇ ಅಂಗಡಿಯಲ್ಲಿ ಪೂರ್ತಿ ಹಣ ಒಮ್ಮೆಗೇ ಕೊಡುತ್ತೇನೆ ಎಂದರೆ 28,500ಕ್ಕೆ ಕೊಡುತ್ತಾರೆ ಎಂದು ಇಟ್ಟುಕೊಳ್ಳಿ. ಆ 1,500 ರೂ. ಎಲ್ಲಿಗೆ ಹೋಯಿತು? ಅದೇ ಬಡ್ಡಿ. ಕಂಪೆನಿ ಅಥವಾ ಅಂಗಡಿ ಅದನ್ನು ಸಾಲ ಕೊಟ್ಟವರಿಗೆ ಕಟ್ಟುತ್ತದೆ, ನಿಮಗೆ ಸಿಗಬೇಕಾದ ರಿಯಾಯಿತಿ ಆ ದಾರಿಯಲ್ಲಿ ಹೋಗುತ್ತದೆ. ಕ್ರೆಡಿಟ್ ಕಾರ್ಡ್ ಆದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ತೋರಿಸಿಯೇ ತೋರಿಸುತ್ತದೆ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಗಿರಾಕಿಯ ತಲೆಗೆ. ಮೇಲೆ ಪ್ರೊಸೆಸಿಂಗ್ ಶುಲ್ಕ. ಶೂನ್ಯ ಬಡ್ಡಿ ಎನ್ನುವ ಕಲ್ಪನೆಯೇ ಇಲ್ಲ, ಬ್ಯಾಂಕುಗಳು ಅಂಥ ಹೆಸರಿನಲ್ಲಿ ಬಡ್ಡಿ ಮುಚ್ಚಿಡಬಾರದು ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿಯೇ ಸುತ್ತೋಲೆ ಹೊರಡಿಸಿತ್ತು.

ಬಡ್ಡಿಯಿಂದ ದೂರ ಇರಬೇಕು ಎನ್ನುವ ಕುಟುಂಬಗಳು ಇಲ್ಲಿ ಹೆಸರು ನೋಡಿ ಸಮಾಧಾನ ಪಟ್ಟುಕೊಳ್ಳಬಾರದು. ಸಹಿ ಮಾಡುವ ಕಾಗದ ಸಾಲದ ಕರಾರಾ, ಅದರಲ್ಲಿ ಬಡ್ಡಿಯ ಸಾಲು ಇದೆಯಾ, ಕಂತು ತಪ್ಪಿದರೆ ಎಷ್ಟು ದಂಡ ಎಂದು ಓದಿ, ಸಂಶಯ ಇದ್ದರೆ ತಿಳಿದ ಉಲಮಾಗಳ ಹತ್ತಿರ ಕೇಳಿ ಮುಂದುವರಿಯುವುದು ಒಳ್ಳೆಯದು. ಅಂಗಡಿಯವನೇ ಬಡ್ಡಿ ಇಲ್ಲದೆ ಎರಡು, ಮೂರು ಕಂತು ಕೊಡುವ ಹಳೆಯ ಪದ್ಧತಿ ಊರಿನ ಸಣ್ಣ ಅಂಗಡಿಗಳಲ್ಲಿ ಇನ್ನೂ ಉಂಟು. ಕೇಳಿದರೆ ತಪ್ಪಿಲ್ಲ.

ಎಚ್ಚರ ಬೇಕಾದ ಇನ್ನೊಂದು ಜಾಗ: ಎಕ್ಸ್‌ಟೆಂಡೆಡ್ ವಾರಂಟಿಯ ಹಣವನ್ನು ಇಎಂಐ ಒಳಗೆ ಸೇರಿಸಿಬಿಡುವುದು. 2,400 ರೂ. ಎಂದರೆ ಬೇಡ ಎನ್ನುವವರು ‘ತಿಂಗಳಿಗೆ ಬರೀ 200’ ಎಂದರೆ ಒಪ್ಪುತ್ತಾರೆ. ಹಣ ಮಾತ್ರ ಅದೇ.

ವಾರಂಟಿ ಮಾರುವುದರಲ್ಲಿ ಯಾರಿಗೆ ಲಾಭ

ಟಿವಿ, ಫ್ರಿಡ್ಜ್ ಮಾರಾಟದಲ್ಲಿ ಪೈಪೋಟಿ ಜಾಸ್ತಿ, ಮಾರ್ಜಿನ್ ತೆಳು. ಗಿರಾಕಿಯ ಕೈಯಲ್ಲಿ ಮೊಬೈಲ್ ಇದೆ, ಆನ್‌ಲೈನ್ ಬೆಲೆ ಅಲ್ಲಿಯೇ ನೋಡುತ್ತಾನೆ. ಆದರೆ ವಾರಂಟಿ ಪ್ಲಾನಿನ ಬೆಲೆ ಹೋಲಿಸಲು ಯಾರೂ ಮೊಬೈಲ್ ತೆಗೆಯುವುದಿಲ್ಲ. ಪೈಪೋಟಿ ಇಲ್ಲದ ಕಡೆ ಮಾರ್ಜಿನ್ ದಪ್ಪ ಇರುತ್ತದೆ ಎನ್ನುವುದು ವ್ಯಾಪಾರದ ಮೊದಲ ಪಾಠ. ಅದಕ್ಕೇ ಸೇಲ್ಸ್ ಹುಡುಗರಿಗೆ ಅದರ ಮೇಲೆ ಇನ್ಸೆಂಟಿವ್, ಅದಕ್ಕೇ ಅಷ್ಟು ಒತ್ತಾಯ. ಹುಡುಗರ ತಪ್ಪಲ್ಲ, ಅವರಿಗೂ ಟಾರ್ಗೆಟ್ ಉಂಟು.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಸ್ಪರ್ಧಾ ಆಯೋಗ 2003ರಲ್ಲಿ ಈ ವ್ಯಾಪಾರದ ತನಿಖೆ ಮಾಡಿ ವರದಿ ಕೊಟ್ಟಿತು. ಅದರ ಮೇಲೆ 2005ರಲ್ಲಿ ಒಂದು ಆದೇಶ ಬಂತು: ವಾರಂಟಿಯ ಬೆಲೆಯನ್ನು ವಸ್ತುವಿನ ಪಕ್ಕದಲ್ಲಿಯೇ ತೋರಿಸಬೇಕು, ಅಂಗಡಿಯಲ್ಲಿ ಹೇಳಿದ ಬೆಲೆ 30 ದಿನ ಹಾಗೆಯೇ ಇರಬೇಕು, ತಗೊಂಡ ಮೇಲೂ 45 ದಿನದೊಳಗೆ ಬೇಡವೆಂದರೆ ಪೂರ್ತಿ ಹಣ ವಾಪಸ್. ಕೌಂಟರಿನ ಮುಂದೆ ಅವಸರದಲ್ಲಿ ತಗೊಳ್ಳುವ ತೀರ್ಮಾನ ಸರಿಯಾಗಿರುವುದಿಲ್ಲ ಎನ್ನುವುದೇ ಆ ಆದೇಶದ ಹಿಂದಿನ ಬುದ್ಧಿ. ಆದೇಶ ಅಲ್ಲಿಯದು, ಬುದ್ಧಿ ಇಲ್ಲಿಯೂ ನಡೆಯುತ್ತದೆ. ಅನೇಕ ಕಂಪೆನಿಗಳು ತಮ್ಮದೇ ವಿಸ್ತರಿತ ವಾರಂಟಿಯನ್ನು ಅಥವಾ ವಾರ್ಷಿಕ ನಿರ್ವಹಣೆ ಕರಾರನ್ನು ಮೊದಲ ವರ್ಷ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಡುತ್ತವೆ. ಹಾಗಿರುವಾಗ ಕೊಂಡ ದಿನವೇ ನಿರ್ಧರಿಸುವ ಅಗತ್ಯ ಏನು?

ವಸ್ತು ಯಾವಾಗ ಕೆಡುತ್ತದೆ?

ಎಲೆಕ್ಟ್ರಾನಿಕ್ ವಸ್ತು ಕೆಡುವುದಕ್ಕೆ ಒಂದು ಕ್ರಮ ಇದೆ. ಫ್ಯಾಕ್ಟರಿಯ ದೋಷ ಇದ್ದರೆ ಮೊದಲ ಕೆಲವು ತಿಂಗಳಲ್ಲಿಯೇ ಗೊತ್ತಾಗುತ್ತದೆ. ಆಮೇಲೆ ಕೆಲವು ವರ್ಷ ಸಮಾಧಾನ. ಸವೆದು ಹಳೆಯದಾದ ಮೇಲೆ ಮತ್ತೆ ತೊಂದರೆ ಏರುತ್ತದೆ. ಗೆರೆ ಎಳೆದರೆ ಎರಡು ಬದಿ ಎತ್ತರ, ನಡು ತಗ್ಗು. ಎಂಜಿನಿಯರ್‌ಗಳು ಇದನ್ನು ಬಾತ್‌ಟಬ್ ಆಕಾರದ ಗೆರೆ ಎನ್ನುತ್ತಾರೆ. ಮೊದಲ ಎತ್ತರ ಕಂಪೆನಿಯ ಉಚಿತ ವಾರಂಟಿಯೊಳಗೆ ಬರುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ಸಾಮಾನ್ಯವಾಗಿ ಎರಡು ಮತ್ತು ಮೂರನೇ ವರ್ಷಕ್ಕೆ, ಅಂದರೆ ನಡುವಿನ ತಗ್ಗಿಗೆ. ಕೊನೆಯ ಎತ್ತರ ಬರುವಾಗ ಪ್ಲಾನ್ ಮುಗಿದಿರುತ್ತದೆ.

‘ಮೂರು ವರ್ಷದ ಪ್ಲಾನ್’ ಎನ್ನುವಾಗ ಅದರಲ್ಲಿ ಕಂಪೆನಿಯ ಮೊದಲ ವರ್ಷವನ್ನೂ ಸೇರಿಸಿ ಹೇಳುತ್ತಿದ್ದಾರಾ ಎಂದು ಕೇಳಬೇಕು. ಹಾಗಿದ್ದರೆ ನೀವು ಹಣ ಕೊಡುವುದು ಎರಡು ವರ್ಷಕ್ಕೆ ಮಾತ್ರ. ‘ಕಂಪ್ರೆಸರಿಗೆ 10 ವರ್ಷ ವಾರಂಟಿ’ ಎನ್ನುವುದೂ ಹಾಗೆಯೇ. ಅದು ಕಂಪ್ರೆಸರ್ ಬಿಡಿಭಾಗಕ್ಕೆ. ಗ್ಯಾಸ್ ತುಂಬುವುದು, ಕೂಲಿ, ಸಾಗಾಟ ಹೆಚ್ಚಾಗಿ ಅದರಲ್ಲಿ ಬರುವುದಿಲ್ಲ. ಎಸಿಯಲ್ಲಿ ಕಂಪ್ರೆಸರಿಗಿಂತ ಮೊದಲು ಕೈಕೊಡುವುದು ಪಿಸಿಬಿ ಬೋರ್ಡ್ ಅಥವಾ ಗ್ಯಾಸ್ ಲೀಕ್.

ಒಂದೇ ಭಾಗಾಕಾರದ ಲೆಕ್ಕ

ಪ್ಲಾನಿನ ಬೆಲೆಯನ್ನು ದೊಡ್ಡ ರಿಪೇರಿಗೆ ಆಗಬಹುದಾದ ಖರ್ಚಿನಿಂದ ಭಾಗಿಸಿ. ಬರುವ ಉತ್ತರವೇ ಅದು ಅಸಲಾಗಬೇಕಾದರೆ ಎಷ್ಟು ಸಂಭವ ಇರಬೇಕು ಎನ್ನುವುದು.

25,000 ರೂ. ಫ್ರಿಡ್ಜ್, ಎರಡು ವರ್ಷದ ಪ್ಲಾನ್ 2,500 ರೂ., ಬರಬಹುದಾದ ರಿಪೇರಿ 5,000 ರೂ. ಎಂದಿಟ್ಟುಕೊಳ್ಳಿ. 2,500 ಭಾಗಿಸು 5,000, ಅಂದರೆ ಶೇ. 50. ಎರಡು, ಮೂರನೇ ವರ್ಷದಲ್ಲಿ ಇಂಥ ಎರಡು ಫ್ರಿಡ್ಜ್‌ಗಳಲ್ಲಿ ಒಂದು ಕೆಡುತ್ತದೆ ಎಂದಾದರೆ ಮಾತ್ರ ಈ ಪ್ಲಾನ್ ಅಸಲಾಗುತ್ತದೆ. ನೆಂಟರಿಷ್ಟರ ಹತ್ತು ಮನೆಯ ಫ್ರಿಡ್ಜ್ ನೆನಪು ಮಾಡಿಕೊಳ್ಳಿ. ಐದು ಮನೆಯದ್ದು ಮೂರು ವರ್ಷದೊಳಗೆ ಕೆಟ್ಟಿತ್ತಾ? ಇಲ್ಲ ಎಂದಾದರೆ ಉತ್ತರ ಅಲ್ಲಿಯೇ ಇದೆ.

ಈಗ 50,000 ರೂ. ದೊಡ್ಡ ಟಿವಿ, ಪ್ಲಾನ್ 4,000 ರೂ. ಎನ್ನೋಣ. ಪ್ಯಾನೆಲ್ ಹೋದರೆ 25,000 ರೂ. ಖರ್ಚು ಎಂದರೆ, 4,000 ಭಾಗಿಸು 25,000, ಶೇ. 16. ಆರರಲ್ಲಿ ಒಂದು. ಇದು ಆಲೋಚನೆ ಮಾಡಬೇಕಾದ ಪ್ರಕರಣ, ಪ್ಯಾನೆಲ್‌ಗೆ ಪೂರ್ತಿ ರಕ್ಷಣೆ ಇದ್ದರೆ ಮಾತ್ರ.

ಹೊಸ ಮನೆಗೋ, ಮದುವೆಗೋ ಫ್ರಿಡ್ಜ್, ವಾಷಿಂಗ್ ಮೆಷಿನ್, ಟಿವಿ, ಎಸಿ, ಮಿಕ್ಸಿ ಎಲ್ಲ ಒಟ್ಟಿಗೆ ತಗೊಳ್ಳುವವರಿಗೆ ಎಲ್ಲದರ ಪ್ಲಾನ್ ಸೇರಿ 12,000 ರೂ. ಆಯಿತು ಎನ್ನಿ. ಆ ಹಣವನ್ನು ಬೇರೆಯಾಗಿ ಎತ್ತಿಟ್ಟರೆ ಅದೇ ಮನೆಯ ಸ್ವಂತ ವಾರಂಟಿ ಫಂಡ್. ಐದರಲ್ಲಿ ಒಂದು ಕೆಟ್ಟರೂ ಅದರಿಂದ ರಿಪೇರಿ ಆಗುತ್ತದೆ, ಉಳಿದದ್ದು ಕೈಯಲ್ಲಿಯೇ. ಪ್ಲಾನ್ ತಗೊಂಡರೆ ಏನೂ ಕೆಡದಿದ್ದರೂ 12,000 ಹೋಯಿತು. ಒಂದೇ ವ್ಯತ್ಯಾಸ: ಫಂಡ್ ಎಂದರೆ ಶಿಸ್ತು ಬೇಕು. ಎತ್ತಿಟ್ಟ ಹಣ ಮುಂದಿನ ತಿಂಗಳೇ ಬೇರೆ ಖರ್ಚಿಗೆ ಹೋದರೆ ಆ ಲೆಕ್ಕ ಬರೀ ಕಾಗದದ್ದು.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

* ಮಿಕ್ಸಿ, ಫ್ಯಾನ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಇಯರ್‌ಫೋನ್: ಬೇಡವೇ ಬೇಡ. ಊರಿನ ಮೆಕ್ಯಾನಿಕ್ ಸಾಕು.
* 32 ಇಂಚಿನ ಸಣ್ಣ ಟಿವಿ: ಬೇಡ. ಪ್ಯಾನೆಲ್ ಹೋದರೆ ಹೊಸತೇ ತಗೊಳ್ಳುವುದು ಲೇಸು.
* ಫ್ರಿಡ್ಜ್, ಸಾಮಾನ್ಯ ವಾಷಿಂಗ್ ಮೆಷಿನ್: ಹೆಚ್ಚಾಗಿ ಬೇಡ.
* ಇನ್ವರ್ಟರ್ ಎಸಿ: ಪಿಸಿಬಿ ಮತ್ತು ಗ್ಯಾಸ್ ಎರಡೂ ಸೇರಿದ ಕಂಪೆನಿಯದ್ದೇ ಪ್ಲಾನ್ ಇದ್ದರೆ ನೋಡಬಹುದು. ಆದರೆ ಮೊದಲು ಕಂಪೆನಿ ಪಿಸಿಬಿಗೆ ಎಷ್ಟು ವರ್ಷ ಉಚಿತವಾಗಿ ಕೊಟ್ಟಿದೆ ಎಂದು ಪರೀಕ್ಷಿಸಿ.
* ದೊಡ್ಡ ಟಿವಿ: ಪ್ಯಾನೆಲ್ ಸೇರಿದ್ದರೆ, ಬೆಲೆ ಟಿವಿಯ ಶೇ. 7, 8ಕ್ಕಿಂತ ಕಡಿಮೆ ಇದ್ದರೆ ಆಲೋಚಿಸಬಹುದು.
* ಕಾಲೇಜು ಮಕ್ಕಳ ಲ್ಯಾಪ್‌ಟಾಪ್: ಬರೀ ವಾರಂಟಿ ವಿಸ್ತರಣೆಗಿಂತ ಬೀಳುವುದು, ನೀರು ಚೆಲ್ಲುವುದು ಸೇರಿದ ಕಂಪೆನಿಯ ‘ಆಕ್ಸಿಡೆಂಟಲ್ ಡ್ಯಾಮೇಜ್’ ಪ್ಲಾನ್ ಉಪಯೋಗಕ್ಕೆ ಬರುತ್ತದೆ. ಹಾಸ್ಟೆಲ್, ಬಸ್ಸು ಅಂತ ತಿರುಗುವ ಲ್ಯಾಪ್‌ಟಾಪಿಗೆ ಅಪಾಯ ಇರುವುದು ಅಲ್ಲಿಯೇ.
* ಮೊಬೈಲ್: ಸ್ಕ್ರೀನ್ ಒಡೆಯುವುದೇ ದೊಡ್ಡ ಖರ್ಚು. ವಾರಂಟಿ ವಿಸ್ತರಣೆಯಲ್ಲಿ ಅದು ಬರುವುದಿಲ್ಲ, ಸ್ಕ್ರೀನ್ ಪ್ರೊಟೆಕ್ಷನ್‌ನಲ್ಲಿ ಬರುತ್ತದೆ. ದುಬಾರಿ ಫೋನಿಗೆ ಮಾತ್ರ ಅದು ಲೆಕ್ಕಕ್ಕೆ ಸಿಗುತ್ತದೆ.

ಧರ್ಮಪುರಿಯ ನೀರು ಮತ್ತು ಕರೆಂಟ್

ವಾರಂಟಿ ಕಾಗದದಲ್ಲಿ ಎಲ್ಲರೂ ಬಿಟ್ಟುಬಿಡುವ ಸಾಲು ಒಂದಿದೆ: ಯಾವ ಕಾರಣಕ್ಕೆ ಕೆಟ್ಟರೆ ವಾರಂಟಿ ಇಲ್ಲ ಎನ್ನುವುದು. ಈ ಭಾಗಕ್ಕೆ ಅದು ಬಹಳ ಮುಖ್ಯ.

ಧರ್ಮಪುರಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎನ್ನುವುದು ಹಳೆಯ ಸಮಸ್ಯೆ. ಅದಕ್ಕಾಗಿಯೇ ಜಪಾನಿನ ಜೈಕಾ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಮಾಡಿ 2013ರಲ್ಲಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ಕೊಡಲು ಶುರುವಾಯಿತು. ಆದರೆ ಸ್ನಾನ, ಬಟ್ಟೆಗೆ ಬೋರ್‌ವೆಲ್ ಬಳಸುವ ಮನೆಗಳು ಈಗಲೂ ಇವೆ. ಗಡಸು ನೀರು ಕಾದಾಗ ಬಿಳಿ ಪದರ ಕಟ್ಟುತ್ತದೆ. ಗೀಸರ್‌ನ ಹೀಟಿಂಗ್ ಎಲಿಮೆಂಟ್, ವಾಷಿಂಗ್ ಮೆಷಿನ್ನಿನ ಹೀಟರ್ ಇದರಿಂದಲೇ ಹೋಗುವುದು. ನೀರಿನ ಗಡಸುತನದಿಂದ ಬಂದ ದೋಷಕ್ಕೆ ಅನೇಕ ಪ್ಲಾನ್‌ಗಳಲ್ಲಿ ರಕ್ಷಣೆ ಇರುವುದಿಲ್ಲ. ಅಂಥ ಮನೆಗೆ ಎರಡು ಸಾವಿರದ ಪ್ಲಾನಿಗಿಂತ ಆಗಾಗ ಡಿಸ್ಕೇಲಿಂಗ್ ಪುಡಿ ಹಾಕುವುದು, ಗೀಸರ್‌ನ ಆನೋಡ್ ರಾಡ್ ಬದಲಾಯಿಸುವುದು ಹೆಚ್ಚು ಲಾಭ. ಗೀಸರ್ ತಗೊಳ್ಳುವಾಗಲೂ ಟ್ಯಾಂಕಿಗೆ ಎಷ್ಟು ವರ್ಷ, ಎಲಿಮೆಂಟಿಗೆ ಎಷ್ಟು ವರ್ಷ ಅಂತ ಬೇರೆ ಬೇರೆಯಾಗಿ ಕೇಳಬೇಕು.

ಕರೆಂಟಿನದ್ದೂ ಅದೇ ಕಥೆ. ವೋಲ್ಟೇಜ್ ಏರಿಳಿತ, ಸಿಡಿಲು, ಇಲಿ ವಯರ್ ಕಡಿಯುವುದು, ಹಲ್ಲಿ, ಇರುವೆ ಬೋರ್ಡಿನೊಳಗೆ ಹೋಗುವುದು ಇವೆಲ್ಲ ಹೆಚ್ಚಿನ ಪ್ಲಾನ್‌ಗಳಲ್ಲಿ ಹೊರಗೆ. ಬೇಸಿಗೆಯ ಗುಡುಗು ಮಳೆಗೆ ಟಿವಿಯ ಪ್ಲಗ್ ಮತ್ತು ಕೇಬಲ್ ಎರಡನ್ನೂ ಕಳಚಿಡುವ ಅಭ್ಯಾಸ, ಸರಿಯಾದ ಅರ್ಥಿಂಗ್, ಅಗತ್ಯ ಇರುವ ಕಡೆ ಸ್ಟೆಬಿಲೈಸರ್ ಇವು ವಾರಂಟಿ ಕೊಡದ ರಕ್ಷಣೆಯನ್ನು ಕೊಡುತ್ತವೆ.

ಅಂಗಡಿ ನಡೆಸುವವರು ಇದನ್ನು ತಪ್ಪದೇ ಓದಿ

ಬೇಕರಿ, ಜ್ಯೂಸ್ ಅಂಗಡಿ, ಹೋಟೆಲ್, ಮೊಬೈಲ್ ಅಂಗಡಿ ನಡೆಸುವ ನಮ್ಮವರಿಗೆ ಅತಿ ದೊಡ್ಡ ನಷ್ಟ ಆಗುವುದು ಇಲ್ಲಿ. ಮನೆ ಬಳಕೆಯ ಫ್ರಿಡ್ಜ್, ಮಿಕ್ಸಿ, ಎಸಿ ತಂದು ಅಂಗಡಿಯಲ್ಲಿ ಇಡುತ್ತಾರೆ. ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ಹಾಕಿಸುತ್ತಾರೆ. ಕೆಟ್ಟಾಗ ಸರ್ವಿಸ್‌ನವರು ಬಂದು ನೋಡಿ ‘ಇದು ವಾಣಿಜ್ಯ ಬಳಕೆ, ವಾರಂಟಿ ಇಲ್ಲ’ ಅಂತ ಬರೆದು ಹೋಗುತ್ತಾರೆ. ಗೃಹಬಳಕೆ ವಸ್ತುಗಳ ವಾರಂಟಿಯಲ್ಲಿ ಈ ಷರತ್ತು ಸಾಮಾನ್ಯ. ದಿನಕ್ಕೆ ನೂರು ಗ್ಲಾಸ್ ಜ್ಯೂಸ್ ಮಾಡುವ ಮಿಕ್ಸಿಯನ್ನು ಕಂಪೆನಿ ಮನೆಯ ಮಿಕ್ಸಿ ಎಂದು ಒಪ್ಪುವುದಿಲ್ಲ.

ಆದ್ದರಿಂದ ಅಂಗಡಿಗೆ ಎಂದಾದರೆ ಕಮರ್ಷಿಯಲ್ ಮಾಡೆಲನ್ನೇ ಕೇಳಬೇಕು. ಬೆಲೆ ಸ್ವಲ್ಪ ಹೆಚ್ಚು, ಆದರೆ ಅದರ ವಾರಂಟಿ ಅಂಗಡಿಯಲ್ಲಿಯೂ ನಡೆಯುತ್ತದೆ. ರೆಗ್ಯುಲರ್ ಜಿಎಸ್‌ಟಿ ನೋಂದಣಿ ಇರುವವರು ಬಿಲ್ಲಿನಲ್ಲಿ ಅಂಗಡಿಯ ನಂಬರ್ ಹಾಕಿಸಿದರೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು; ಕಾಂಪೊಸಿಷನ್ ಸ್ಕೀಮ್‌ನವರಿಗೆ ಅದು ಇಲ್ಲ. ಮನೆ ಬಳಕೆಯ ಮಾಡೆಲ್ ತಂದು ಅಂಗಡಿಯ ಹೆಸರಿನಲ್ಲಿ ಬಿಲ್ ಮಾಡಿಸಿದರೆ ವಾರಂಟಿ ನಿರಾಕರಿಸಲು ಅದೇ ಕಾಗದ ಸಾಕ್ಷಿ ಆಗಬಹುದು ಎನ್ನುವುದೂ ನೆನಪಿರಲಿ.

ಆದರೆ ಕಾನೂನಿನಲ್ಲಿ ಸಣ್ಣ ವ್ಯಾಪಾರಿಗೆ ಒಂದು ಬಾಗಿಲು ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕ ಎಂದು ಒಪ್ಪುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡು ಬಳಸಿದರೆ ಅದು ವಾಣಿಜ್ಯ ಉದ್ದೇಶ ಅಲ್ಲ ಎಂದು ಅದೇ ಕಾಯ್ದೆ ವಿವರಣೆ ಕೊಟ್ಟಿದೆ. ತಾನೇ ನಿಂತು ಜ್ಯೂಸ್ ಅಂಗಡಿ ನಡೆಸುವವನು ದೋಷ ಇರುವ ಯಂತ್ರದ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಗಲ್ಫ್‌ನಿಂದ ತಂದ ಫೋನ್

2013ರ ಆಗಸ್ಟ್ 26ರಿಂದ ವಿಮಾನದಲ್ಲಿ ತರುವ ಫ್ಲಾಟ್ ಟಿವಿಗೆ ಕಸ್ಟಮ್ಸ್ ಸುಂಕ ಬಿದ್ದ ಮೇಲೆ ದುಬೈಯಿಂದ ಟಿವಿ ತರುವ ಕಾಲ ಹೋಯಿತು. ಫೋನ್ ಮಾತ್ರ ಈಗಲೂ ಬರುತ್ತದೆ. ತರುವ ಮೊದಲು ಆ ಬ್ರ್ಯಾಂಡಿನ ವಾರಂಟಿ ಭಾರತದಲ್ಲಿ ನಡೆಯುತ್ತದಾ ಅಂತ ಕೇಳಬೇಕು. ಕೆಲವದ್ದು ನಡೆಯುತ್ತದೆ, ಹಲವದ್ದು ಕೊಂಡ ದೇಶದಲ್ಲಿ ಮಾತ್ರ. ಊರಿನಲ್ಲಿ ‘ದುಬೈ ಸೆಟ್’ ಅಂತ ಬಿಲ್ ಇಲ್ಲದೆ ಮಾರುವ ಫೋನಿಗೆ ಯಾವ ವಾರಂಟಿಯೂ ಇಲ್ಲ ಎಂದೇ ತಿಳಿಯಬೇಕು. ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿ ಐಎಂಇಐ ನಂಬರ್ ತೆಗೆದು, ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಿ. ಕಳವಾದ ಫೋನ್ ಎಂದು ಬ್ಲಾಕ್ ಆಗಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ.

ಪ್ಲಾನ್ ತಗೊಳ್ಳುವುದೇ ಆದರೆ ಕೇಳಬೇಕಾದ ಪ್ರಶ್ನೆಗಳು

1. ಪ್ಲಾನ್ ಯಾರದ್ದು? ವಸ್ತು ಮಾಡಿದ ಕಂಪೆನಿಯದ್ದಾ, ಅಂಗಡಿಯದ್ದಾ, ಮೂರನೇ ಕಂಪೆನಿಯದ್ದಾ? ಕಂಪೆನಿಯದ್ದಾದರೆ ಉತ್ತಮ.
2. ನಮ್ಮ ಪಿನ್‌ಕೋಡಿಗೆ ಮನೆಗೇ ಬಂದು ಸರ್ವಿಸ್ ಮಾಡುತ್ತಾರಾ, ಸೇಲಂಗೆ ಹೊತ್ತುಕೊಂಡು ಹೋಗಬೇಕಾ? ಹರೂರು, ಪೆನ್ನಾಗರಂ ಕಡೆಯ ಹಳ್ಳಿಯವರಿಗೆ ಇದೇ ಮೊದಲ ಪ್ರಶ್ನೆ.
3. ಎಷ್ಟು ಸಲ ಕ್ಲೇಮ್ ಮಾಡಬಹುದು? ಒಂದು ಸಲಕ್ಕೆ ಮುಗಿಯುತ್ತದಾ?
4. ಗರಿಷ್ಠ ಮೊತ್ತ ಎಷ್ಟು? ವರ್ಷ ಕಳೆದಂತೆ ಸವಕಳಿ ಕಳೆದು ಕೊಡುತ್ತಾರಾ?
5. ರಿಪೇರಿ ಆಗದಿದ್ದರೆ ಹಣವಾ, ಹೊಸ ವಸ್ತುವಾ, ಅದೇ ಅಂಗಡಿಯ ವೋಚರ್ ಆ?
6. ಕೂಲಿ, ಗ್ಯಾಸ್, ಸಾಗಾಟ, ಜಿಎಸ್‌ಟಿ ಎಲ್ಲ ಸೇರಿದೆಯಾ?
7. ಪ್ಲಾನನ್ನು ಎಷ್ಟು ದಿನದೊಳಗೆ ನೋಂದಣಿ ಮಾಡಬೇಕು? ಬೇಡವಾದರೆ ರದ್ದು ಮಾಡಬಹುದಾ?

ಮಾತು ತಮಿಳಿನಲ್ಲಿ, ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ. ಸೇಲ್ಸ್‌ನವರು ಬಾಯಲ್ಲಿ ಹೇಳಿದ್ದನ್ನು ವಾಟ್ಸ್ಯಾಪಿನಲ್ಲಿ ಬರೆದು ಕಳಿಸಲು ಹೇಳಿ. ಬರೆಯಲು ಹಿಂಜರಿದರೆ ಅದೇ ಉತ್ತರ.

ಆನ್‌ಲೈನಿನಲ್ಲಿ ತಗೊಳ್ಳುವಾಗ ಕಾರ್ಟಿನಲ್ಲಿ ಪ್ಲಾನ್ ತಾನಾಗಿಯೇ ಸೇರಿದೆಯಾ ನೋಡಿ. ಮೊದಲೇ ಟಿಕ್ ಹಾಕಿದ ಬಾಕ್ಸ್‌ನಿಂದ ಒಪ್ಪಿಗೆ ಪಡೆಯಬಾರದು ಎಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಗಿರಾಕಿಗೆ ಹೇಳದೆ ಬುಟ್ಟಿಗೆ ಏನಾದರೂ ಸೇರಿಸುವುದು, ‘ಇನ್ನು ಎರಡೇ ಪೀಸ್’ ಎಂದು ಸುಳ್ಳು ಅವಸರ ಹುಟ್ಟಿಸುವುದು ಇವನ್ನೆಲ್ಲ 2023ರ ನವೆಂಬರ್ 30ರ ಮಾರ್ಗಸೂಚಿ ನಿಷೇಧಿಸಿದೆ.

ತಕರಾರು ಬಂದರೆ

ಪಕ್ಕಾ ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ. ಬಿಲ್ ಕೊಡದಿರುವುದೇ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡ್ ದೋಷ ಇರುವ ವಸ್ತುವಿಗೆ ಅನ್ವಯಿಸುವುದಿಲ್ಲ. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನದೊಳಗೆ ದೋಷದ ವಸ್ತುವನ್ನು ಹಿಂದಕ್ಕೆ ತಗೊಳ್ಳಲು ನಿರಾಕರಿಸುವುದೂ ಅನುಚಿತವೇ. ಥರ್ಮಲ್ ಕಾಗದದ ಬಿಲ್ ಆರು ತಿಂಗಳಲ್ಲಿ ಮಾಸುತ್ತದೆ, ಅವತ್ತೇ ಫೋಟೋ ತೆಗೆದು ಸೀರಿಯಲ್ ನಂಬರಿನ ಜೊತೆ ಇಟ್ಟುಕೊಳ್ಳಿ.

ಮೊದಲು ಕಂಪೆನಿಗೆ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ಆಗಲಿಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹೊಸ ಕಾಯ್ದೆಯ ದೊಡ್ಡ ಅನುಕೂಲ ಏನೆಂದರೆ ಕೊಂಡ ಊರಿನಲ್ಲಿಯೇ ದೂರು ಕೊಡಬೇಕೆಂದಿಲ್ಲ. ಸೇಲಂನಲ್ಲಿ ಕೊಂಡು ಈಗ ಮಂಗಳೂರಿನಲ್ಲಿ ಇರುವವರು ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಕೊಂಡು ಧರ್ಮಪುರಿಯಲ್ಲಿ ಇರುವವರು ಅಲ್ಲಿಯೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಇ-ಜಾಗೃತಿ ತಾಣದ ಮೂಲಕ ಆನ್‌ಲೈನಿನಲ್ಲಿಯೂ ಆಗುತ್ತದೆ. ಎರಡು ವರ್ಷದೊಳಗೆ ಮಾಡಬೇಕು ಅಷ್ಟೇ. ಎಕ್ಸ್‌ಟೆಂಡೆಡ್ ವಾರಂಟಿ ಕೂಡ ಹಣ ಕೊಟ್ಟು ಪಡೆದ ಸೇವೆ. ಅದನ್ನು ನಿರಾಕರಿಸಿದರೆ ಸೇವಾ ನ್ಯೂನತೆ ಎಂದು ದೂರು ಕೊಡಬಹುದು.

ಕೊನೆಗೆ ಒಂದು ಮಾತು. ಒಂದು ವಸ್ತು ಕೆಟ್ಟರೆ ಆಗುವ ಖರ್ಚನ್ನು ಮನೆ ತಡೆದುಕೊಳ್ಳಬಹುದು ಎಂದಾದರೆ ಪ್ಲಾನ್ ಬೇಡ. ತಡೆದುಕೊಳ್ಳಲಾಗದು, ಆ ಲ್ಯಾಪ್‌ಟಾಪ್ ಇಲ್ಲದೆ ಮಗಳ ಓದು ನಿಲ್ಲುತ್ತದೆ, ಆ ಫ್ರೀಝರ್ ಇಲ್ಲದೆ ಅಂಗಡಿಯ ಬಾಗಿಲು ಹಾಕಬೇಕಾಗುತ್ತದೆ ಎಂದಾದರೆ ಆಗ ಷರತ್ತು ಓದಿ, ಸರಿಯಾದ ಪ್ಲಾನ್ ನೋಡಿ ತಗೊಳ್ಳಿ. ಕೌಂಟರಿನಲ್ಲಿ ಕೇಳಿದ ತಕ್ಷಣ ‘ಹೂಂ’ ಅನ್ನಬೇಕಾಗಿಲ್ಲ. “ಮನೆಯಲ್ಲಿ ಮಾತಾಡಿ ಹೇಳುತ್ತೇನೆ” ಎಂದರೆ ಯಾರೂ ಟಿವಿ ಕೊಡುವುದಿಲ್ಲ ಎನ್ನುವುದಿಲ್ಲ.